ಮೊದಲು ಕಿವಿ ಕೊಡಿ, ಆಮೇಲೆ ಕಾರ್ಡ್ ಕೊಡಿ

ಪ್ರತಿ ಜನವರಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ. ಡಿಸೆಂಬರ್‌ನಲ್ಲಿ ಊರಿಗೆ ಹೋದವರು ಎಳ್ಳುಬೆಲ್ಲ ಕಟ್ಟಿಕೊಂಡು ವಾಪಸ್ ಬರ್ತಾರೆ. ಐದು ವಾರ ಹಿಮದಲ್ಲಿ ನಿಂತಿದ್ದ ಕಾರು ಸ್ಟಾರ್ಟ್ ಆಗಲ್ಲ. "ಯಾರಾದ್ರೂ ಹೆಲ್ಪ್ ಮಾಡ್ತೀರಾ?" ಅಂತ ಹಾಕಿದ ಎರಡೇ ನಿಮಿಷಕ್ಕೆ ಉತ್ತರ: "ಬ್ಯಾಟರಿ ಹೋಗಿದೆ ಮಗಾ, ಹೊಸದು ಹಾಕಿಸಿಬಿಡು." ಕಾರು ಏನು ಸದ್ದು ಮಾಡ್ತು, ದೀಪ ಹತ್ತಿತಾ ಅಂತ ಒಬ್ಬರೂ ಕೇಳಲ್ಲ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗಾಯ್ತು.

ಹಾಗೆ ಹೇಳುವವರು ಪೂರ್ತಿ ತಪ್ಪು ಅಂತಲ್ಲ. ನಿಂತ ಕಾರು ಏಳದಿದ್ದರೆ ಮೊದಲ ಅನುಮಾನ ಬ್ಯಾಟರಿ ಮೇಲೇ ಹೋಗಬೇಕು. ನನ್ನ ತಕರಾರು ಬೇರೆ. ಬ್ಯಾಟರಿ ಖಾಲಿಯಾಗೋದು ಬೇರೆ, ಕೆಟ್ಟುಹೋಗೋದು ಬೇರೆ. ಒಂದಕ್ಕೆ ರಾತ್ರಿಯಿಡೀ ಚಾರ್ಜ್ ಮಾಡಿದರೆ ಸಾಕು, ಇನ್ನೊಂದಕ್ಕೆ 150 ಡಾಲರ್ ಸುಲಭವಾಗಿ ದಾಟುತ್ತೆ. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕ್ಯಾಂಪಸ್ ಕೆಲಸ ಮಾಡಬಹುದಾದ ನಮಗೆ ಅದು ಸಣ್ಣ ಮೊತ್ತ ಅಲ್ಲ.

ಒಂದು ಸರಳ ಲೆಕ್ಕ ನೋಡಿ. ಕಾರು ಆಫ್ ಆಗಿದ್ದರೂ ಅಲಾರಂ, ಗಡಿಯಾರ, ಕಂಪ್ಯೂಟರ್‌ಗಳು ಸ್ವಲ್ಪ ಕರೆಂಟ್ ಎಳೀತಾನೇ ಇರುತ್ತವೆ. 50 ಮಿಲಿಆಂಪ್ ತನಕ ಸಹಜ ಅಂತ ಮೆಕ್ಯಾನಿಕ್‌ಗಳು ಒಪ್ಪುತ್ತಾರೆ. ಅದನ್ನು 24 ಗಂಟೆಯಿಂದ, 35 ದಿನದಿಂದ ಗುಣಿಸಿದರೆ 42 ಆಂಪಿಯರ್-ಅವರ್. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ ಸುಮಾರು 45ರಿಂದ 60. ಅಂದ್ರೆ ಕಾರಿನಲ್ಲಿ ಏನೂ ದೋಷ ಇಲ್ಲದಿದ್ದರೂ ಬ್ಯಾಟರಿ ಬರಿದಾಗಬಹುದು. ಅದರ ಮೇಲೆ ಮಿಡ್‌ವೆಸ್ಟ್ ಚಳಿ: ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿಯ ಶಕ್ತಿ ತೀರಾ ಕುಗ್ಗುತ್ತೆ, ಇಂಜಿನ್ ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗಿಸೋದೂ ಕಷ್ಟ ಆಗುತ್ತೆ.

ಹಾಗಾಗಿ ಮೊದಲು ಕೇಳಿಸಿಕೊಳ್ಳಿ. ಕೀ ತಿರುಗಿಸಿದಾಗ ಟಕಟಕಟಕ ಅಂತ ಬೇಗಬೇಗ ಸದ್ದು ಬಂದು ದೀಪ ಮಂಕಾದರೆ ಚಾರ್ಜ್ ಇಲ್ಲ ಅಂತ ಅರ್ಥ. ಸೊಲೆನಾಯ್ಡ್ ಎಳೆಯುತ್ತೆ, ವೋಲ್ಟೇಜ್ ಬೀಳುತ್ತೆ, ಬಿಟ್ಟುಬಿಡುತ್ತೆ, ಮತ್ತೆ ಎಳೆಯುತ್ತೆ. ಅದರ ಸದ್ದು ಅದು. ದೀಪ ಚೆನ್ನಾಗಿ ಉರಿಯುತ್ತಿದ್ದು ಒಂದೇ ಒಂದು 'ಟಕ್' ಬಂದರೆ ಸ್ಟಾರ್ಟರ್ ಮೋಟಾರ್ ಅಥವಾ ಅದರ ವೈರಿಂಗ್ ನೋಡಬೇಕು. ಸದ್ದೂ ಇಲ್ಲ ದೀಪವೂ ಇಲ್ಲ ಅಂದ್ರೆ ಬ್ಯಾಟರಿ ಪೂರ್ತಿ ಖಾಲಿ, ಇಲ್ಲವೇ ಟರ್ಮಿನಲ್ ಸಡಿಲ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ ಅದನ್ನು ಉಜ್ಜಿ ತೆಗೆದು ಬಿಗಿ ಮಾಡಿದರೇ ಎಷ್ಟೋ ಸಲ ಕೆಲಸ ಮುಗಿಯುತ್ತೆ. ಇನ್ನು, ಸೆಲ್ಫ್ ಜೋರಾಗಿ ಹೊಡೀತಿದೆ, ಇಂಜಿನ್ ಮಾತ್ರ ಹಿಡೀತಿಲ್ಲ ಅಂದ್ರೆ ಬ್ಯಾಟರಿ ನಿರಪರಾಧಿ. ಪೆಟ್ರೋಲ್, ಸ್ಪಾರ್ಕ್ ಕಡೆ ನೋಡಿ. ಡ್ಯಾಶ್‌ಬೋರ್ಡ್‌ನಲ್ಲಿ ಕೀ ಚಿತ್ರ ಮಿನುಗುತ್ತಿದೆಯಾ ನೋಡಿ. ಹಾಗಿದ್ದರೆ ಕಾರು ನಿಮ್ಮ ಕೀಯನ್ನೇ ಗುರುತಿಸುತ್ತಿಲ್ಲ. ಬಾನೆಟ್ ಎತ್ತಿ ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಿ. ಚಳಿಗೆ ಅವಕ್ಕೂ ಮನೆ ಬೇಕಲ್ಲ!

ಕಿವಿ ಆದಮೇಲೆ ಮಲ್ಟಿಮೀಟರ್. 20 ಡಾಲರ್ ಒಳಗೆ ಸಿಗುತ್ತೆ. ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಖಾಲಿ ಅಂತಲೇ ಲೆಕ್ಕ. ಪೂರ್ತಿ ಚಾರ್ಜ್ ಆದಮೇಲೂ ಸೆಲ್ಫ್ ಹೊಡೆಯುವಾಗ ಸುಮಾರು 9.6ಕ್ಕಿಂತ ಕೆಳಗೆ ಇಳಿದರೆ ಆಗ ಬ್ಯಾಟರಿ ಮೇಲೆ ಆರೋಪ ಹೊರಿಸಿ. ಸ್ಟಾರ್ಟ್ ಆದಮೇಲೆ ಸಾಮಾನ್ಯವಾಗಿ 13.5ರಿಂದ 14.7 ಇದ್ದರೆ ಆಲ್ಟರ್ನೇಟರ್ ಸರಿ ಇದೆ. ಬ್ಯಾಟರಿ ಮೇಲಿನ ತಾರೀಖನ್ನೂ ಓದಿ. ಎರಡು ವರ್ಷದ್ದಾದರೆ ಚಾರ್ಜ್ ಮಾಡಿ ನೋಡದೆ ಬದಲಿಸೋದು ದಂಡ. ಐದು ದಾಟಿದ್ದರೆ ಹಟ ಮಾಡಬೇಡಿ, ಬದಲಿಸಿ.

ಜಂಪ್ ಕೊಡುವಾಗ ಮಾತ್ರ ಆತುರ ಬೇಡ. ಖಾಲಿ ಬ್ಯಾಟರಿ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಬಹುದು. ಡಬ್ಬಿ ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಮುಟ್ಟಲೇಬೇಡಿ, ಒಡೆಯಬಹುದು. ಕೆಂಪು ಕೇಬಲ್ ಎರಡೂ ಪ್ಲಸ್‌ಗೆ, ಕಪ್ಪು ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಕಪ್ಪಿನ ಕೊನೆ ತುದಿ ಸತ್ತ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಅದರ ಬ್ಯಾಟರಿಗಲ್ಲ. ಬ್ಯಾಟರಿ ಹತ್ತಿರ ಹೈಡ್ರೋಜನ್ ಇರುತ್ತೆ, ಕಿಡಿ ಅಲ್ಲಿ ಹಾರಬಾರದು. ಊರಲ್ಲಿ ಮಾಡೋ ಹಾಗೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡೋಣ ಅಂದ್ರೆ ಇಲ್ಲಿ ನಮ್ಮ ಹತ್ತಿರ ಇರೋದು ಆಟೋಮ್ಯಾಟಿಕ್ ಗಾಡಿಗಳು. ಬೆನ್ನು ನೋವಷ್ಟೇ ಲಾಭ.

"ರೂಮ್‌ಮೇಟ್ ವಾರಕ್ಕೊಮ್ಮೆ ಐದು ನಿಮಿಷ ಆನ್ ಮಾಡ್ತಾನೆ" ಅನ್ನೋ ವ್ಯವಸ್ಥೆಯೂ ನನಗೆ ಒಪ್ಪಿಗೆಯಿಲ್ಲ. ವಾರದಲ್ಲಿ ಸೋರುವುದು 8.4 ಆಂಪಿಯರ್-ಅವರ್, ಐದು ನಿಮಿಷದಲ್ಲಿ 20 ಆಂಪ್ ಒಳಹೋದರೂ ತುಂಬುವುದು 1.7ರಷ್ಟೇ. ಅದಕ್ಕಿಂತ ಹೊರಡುವ ದಿನ 10 ಮಿಲಿಮೀಟರ್ ಸ್ಪ್ಯಾನರ್‌ನಿಂದ ಮೈನಸ್ ಟರ್ಮಿನಲ್ ಕಳಚಿಡಿ. ಹೆಚ್ಚಿನ ಕಾರುಗಳಿಗೆ ಅದೇ ಸೈಜು. ಗಡಿಯಾರ, ರೇಡಿಯೋ ಸೆಟಿಂಗ್ ಹೋಗುತ್ತೆ, ಹೋಗಲಿ. ಬಾಗಿಲು ಮಾತ್ರ ಲೋಹದ ಕೀಲಿಯಿಂದ ತೆಗೆಯಲು ಬರುತ್ತಾ ಅಂತ ಮೊದಲೇ ನೋಡಿಕೊಳ್ಳಿ.

ನಮ್ಮ ಸಂಘ ರಾಜ್ಯೋತ್ಸವಕ್ಕೆ ಬ್ಯಾನರ್ ಮಾಡಿಸುತ್ತೆ, ಯುಗಾದಿಗೆ ಹೋಳಿಗೆ ತರಿಸುತ್ತೆ, ಸಂತೋಷ. ಅದರ ಜೊತೆ ಒಂದು ಮಲ್ಟಿಮೀಟರ್, ಒಂದು ದಪ್ಪ ಜಂಪರ್ ಕೇಬಲ್, ಒಂದು ಚಾರ್ಜರ್ ಕೊಂಡು ಎಲ್ಲರಿಗೂ ಎರವಲು ಕೊಡಲಿ. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?" ಅಂತ ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಅದಕ್ಕೇ ಆಗಸ್ಟ್‌ನ ಸ್ವಾಗತ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಬಾನೆಟ್ ತೆರೆದು ತೋರಿಸೋಣ, ತೋರಿಸಿಕೊಂಡವರಿಗೇ ಕೊಡೋಣ. ಗುಂಪಿನಲ್ಲಿ ಪ್ರಶ್ನೆ ಹಾಕುವವರು ಸದ್ದು ಕೇಳುವ ಹಾಗೆ 15 ಸೆಕೆಂಡ್ ವಿಡಿಯೋನೂ ಹಾಕಲಿ. ಪೆಟ್ಟಿಗೆ ಇಡೋಕೆ ಜಾಗ ಇಲ್ಲ ಅಂತ ಕಮಿಟಿ ಹೇಳಿದರೆ, ನಮ್ಮ ಮನೆ ಚಪ್ಪಲಿ ಸ್ಟ್ಯಾಂಡ್ ಮೇಲೆ ಜಾಗ ಇದೆ.