ಸರಕಿಗೆ ತೆರೆದ ಬಂದರು, ನಾವಿಕನಿಗೆ ಮುಚ್ಚಿದ ಬಾಗಿಲು

ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಧರ್ಮಸಭೆಯು ಕಡಲಿನಲ್ಲಿ ದುಡಿಯುವವರ ಸ್ಮರಣೆಗಾಗಿ ಮೀಸಲಿರಿಸಿದೆ. ಆ ದಿನದ ಬಲಿಪೂಜೆಯಲ್ಲಿ, ವಿಶ್ವಾಸಿಗಳ ಪ್ರಾರ್ಥನೆಯ ನಡುವೆ, ನಾವಿಕರಿಗಾಗಿ ಒಂದು ಬಿನ್ನಹವನ್ನು ಸೇರಿಸುವುದುಂಟು. ನಾವೂ ಹಲವಾರು ವರ್ಷ ಅದನ್ನು ಓದಿ, ಮುಂದಿನ ಬಿನ್ನಹಕ್ಕೆ ನಿರಾಯಾಸವಾಗಿ ಸಾಗಿದವರೇ. 2020ನೆಯ ಇಸವಿಯ ನಂತರ ಆ ವಾಕ್ಯದ ಬಳಿ ನಮ್ಮ ನಾಲಿಗೆ ತುಸು ತಡವರಿಸುತ್ತದೆ.

ಆ ವರ್ಷದ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಾಗತಿಕ ಮಹಾಮಾರಿಯೆಂದು ಸಾರಿದ ಮೇಲೆ, ಸರಕು ಸಾಗಾಟದಲ್ಲಿ ಉಂಟಾದ ಅಲ್ಲೋಲಕಲ್ಲೋಲವನ್ನು ಪತ್ರಿಕೆಗಳು ಧಾರಾಳವಾಗಿ ವರದಿ ಮಾಡಿದವು. ಜಗತ್ತಿನ ಸರಕು ವ್ಯಾಪಾರದಲ್ಲಿ ಪರಿಮಾಣದ ಲೆಕ್ಕಕ್ಕೆ ಶೇಕಡ 80ಕ್ಕೂ ಮಿಕ್ಕಿದ ಭಾಗ ಜಲಮಾರ್ಗವಾಗಿಯೇ ಸಾಗುತ್ತದೆ. ಆದ್ದರಿಂದ ಒಂದು ಬಂದರಿನ ಕೆಮ್ಮು ಇನ್ನೊಂದು ಖಂಡದ ಅಂಗಡಿಯವರೆಗೂ ಕೇಳಿಸಿತು. 2021ರ ಆಗಸ್ಟ್‌ನಲ್ಲಿ ಚೀನದ ನಿಂಗ್ಬೊ ಬಂದರಿನಲ್ಲಿ ಒಬ್ಬನೇ ಒಬ್ಬ ಕಾರ್ಮಿಕನಿಗೆ ಸೋಂಕು ಕಂಡುದಕ್ಕೆ ಒಂದಿಡೀ ಟರ್ಮಿನಲ್ ಎರಡು ವಾರ ಮುಚ್ಚಿತು. ಅಮೆರಿಕದ ಲಾಸ್ ಏಂಜಲಿಸ್ ಮತ್ತು ಲಾಂಗ್ ಬೀಚ್ ಬಂದರುಗಳೆದುರು 2022ರ ಜನವರಿಯಲ್ಲಿ 100ಕ್ಕೂ ಹೆಚ್ಚು ಹಡಗುಗಳು ಸರದಿಗಾಗಿ ಕಾದವು. ಖಾಲಿ ಕಂಟೇನರ್‌ಗಳು ಅಲ್ಲಿ ರಾಶಿಬಿದ್ದಿರಲು, ಇತ್ತ ಏಷ್ಯಾದ ರಫ್ತುದಾರರಿಗೆ ಅವೇ ದೊರೆಯದಾದವು. ಶಾಂಘೈನಿಂದ ಲಾಸ್ ಏಂಜಲಿಸ್‌ಗೆ 40 ಅಡಿಯ ಒಂದು ಕಂಟೇನರಿನ ಬಾಡಿಗೆ, ಮೊದಲು 2,000 ಡಾಲರಿನ ಆಸುಪಾಸಿನಲ್ಲಿದ್ದುದು, 2021ರ ಸೆಪ್ಟೆಂಬರಿನಲ್ಲಿ 12,000 ಡಾಲರನ್ನು ದಾಟಿತು. ಆಫ್ರಿಕದಿಂದ ಕಚ್ಚಾ ಗೇರುಬೀಜ ತರಿಸಿ, ಸಂಸ್ಕರಿಸಿ ಕಳುಹಿಸುವ ನಮ್ಮ ಕರಾವಳಿಯ ಉದ್ದಿಮೆಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಧರ್ಮಕೇಂದ್ರದ ಸಭಾಭವನಕ್ಕೆಂದು ಹೇಳಿಟ್ಟಿದ್ದ ಧ್ವನಿವರ್ಧಕದ ಸಲಕರಣೆ ನಾಲ್ಕು ತಿಂಗಳು ತಡವಾದಾಗ, ನಾವೂ ಆ ಬಡ ವ್ಯಾಪಾರಿಯನ್ನು ಗದರಿದ್ದುಂಟು.

ಸರಕು ಏಕೆ ಬರಲಿಲ್ಲವೆಂದು ಕೇಳಿದೆವು. ಅದನ್ನು ತರುವವನು ಎಲ್ಲಿದ್ದಾನೆಂದು ಕೇಳಲಿಲ್ಲ.

2006ರ ಸಮುದ್ರ ಕಾರ್ಮಿಕ ಒಡಂಬಡಿಕೆಯ ಪ್ರಕಾರ ನಾವಿಕನೊಬ್ಬನನ್ನು ಒಂದೇ ಸಮನೆ ಸುಮಾರು 11 ತಿಂಗಳಿಗಿಂತ ಹೆಚ್ಚು ಕಾಲ ಹಡಗಿನಲ್ಲಿ ದುಡಿಸುವಂತಿಲ್ಲ. ಆದರೆ ದೇಶದೇಶಗಳು ಗಡಿಗಳನ್ನು ಮುಚ್ಚಿ, ವಿಮಾನಗಳು ನಿಂತುಹೋದಾಗ, ಇಳಿಯಬೇಕಾದವನು ಇಳಿಯಲಾರದೆ, ಏರಬೇಕಾದವನು ಏರಲಾರದೆ ಉಳಿದರು. 2020ರ ಕೊನೆಯ ವೇಳೆಗೆ ಸುಮಾರು 4 ಲಕ್ಷ ನಾವಿಕರು ಅವಧಿ ಮುಗಿದ ಮೇಲೂ ಹಡಗಿನಲ್ಲೇ ಸಿಲುಕಿದ್ದರೆಂದು ಅಂತಾರಾಷ್ಟ್ರೀಯ ಸಮುದ್ರಯಾನ ಸಂಘಟನೆ ಅಂದಾಜು ಮಾಡಿತು. ಕೆಲವರು 17 ತಿಂಗಳಿಗೂ ಮಿಕ್ಕಿ ನೆಲ ಮೆಟ್ಟಿರಲಿಲ್ಲ. ಆಸ್ಟ್ರೇಲಿಯದ ಕಲ್ಲಿದ್ದಲು ಹೊತ್ತಿದ್ದ ಜಗ್ ಆನಂದ್ ಮತ್ತು ಅನಾಸ್ತಾಸಿಯಾ ಎಂಬ ಎರಡು ಹಡಗುಗಳು ಚೀನದ ತೀರದಾಚೆ ತಿಂಗಳುಗಟ್ಟಲೆ ಲಂಗರು ಹಾಕಿ ನಿಂತಾಗ, ಅವುಗಳಲ್ಲಿ 39 ಮಂದಿ ಭಾರತೀಯರಿದ್ದರು. ಕೊನೆಗೆ ಹಡಗುಗಳು ಜಪಾನಿಗೆ ಹೋಗಿ, ಅಲ್ಲಿ ಸಿಬ್ಬಂದಿ ಬದಲಾವಣೆಯಾದ ಮೇಲೆಯೇ, 2021ರ ಆರಂಭದ ತಿಂಗಳುಗಳಲ್ಲಿ, ಅವರು ಮನೆ ಸೇರಿದರು.

ರೋಗದಿಂದ ಪ್ರಜೆಗಳನ್ನು ಕಾಪಾಡುವುದು ಸರಕಾರಗಳ ಕರ್ತವ್ಯವಲ್ಲವೇ ಎಂದು ವಾಚಕರು ಪ್ರಶ್ನಿಸಬಹುದು. ನಿಶ್ಚಯವಾಗಿಯೂ ಹೌದು. ಪ್ಲೇಗಿನ ಕಾಲದಲ್ಲಿ, 1377ರಲ್ಲೇ, ಏಡ್ರಿಯಾಟಿಕ್ ತೀರದ ರಗೂಸ ಪಟ್ಟಣವು ಸೋಂಕಿನ ನಾಡುಗಳಿಂದ ಬಂದವರನ್ನು 30 ದಿನ ಹೊರಗೆ ನಿಲ್ಲಿಸಿತು. ಮುಂದೆ ಅದು 40 ದಿನವಾಗಿ, ವೆನಿಸ್ಸಿನ ಜನರ ನುಡಿಯಲ್ಲಿ ಕ್ವಾರಂಟೈನ್ ಎಂಬ ಶಬ್ದವೂ ಹುಟ್ಟಿತು. ಆ ಕಟ್ಟಳೆ ಕಠಿಣವಾಗಿತ್ತು. ಆದರೂ ಅದರಲ್ಲಿ ದಿನಗಳಿಗೆ ಎಣಿಕೆಯಿತ್ತು. ಕಾಲಕ್ರಮದಲ್ಲಿ ಮನುಷ್ಯನೊಡನೆ ಅವನ ಸರಕನ್ನೂ ತಡೆದಿರಿಸಿ ಗಾಳಿಗೊಡ್ಡುವ ಪದ್ಧತಿ ಬಂತು. ನಮ್ಮ ಕಾಲವಾದರೋ ಹೊಸತೊಂದನ್ನು ಕಂಡುಹಿಡಿಯಿತು: ಸರಕನ್ನು ಇಳಿಸಿಕೊಂಡು, ತಂದವನನ್ನು ಮಾತ್ರ ಹಡಗಿನ ಮೆಟ್ಟಿಲಿನಲ್ಲೇ ತಡೆಯಿತು. ದಿನಗಳ ಎಣಿಕೆಯನ್ನೂ ಹೇಳಲಿಲ್ಲ.

ಮನುಷ್ಯನನ್ನು ಎಂದಿಗೂ ಕೇವಲ ಸಾಧನವಾಗಿ ಬಳಸಬಾರದೆಂಬ ಕಾಂಟ್‌ನ ತತ್ತ್ವವನ್ನು ನಾವು ಗುರುಮಠದಲ್ಲಿ ಕಂಠಪಾಠ ಮಾಡಿ ಪರೀಕ್ಷೆ ಬರೆದವರು. ಜಗದ್ಗುರು ಎರಡನೆಯ ಜಾನ್ ಪೌಲರು 1981ರ ತಮ್ಮ ವಿಶ್ವಪರಿಪತ್ರದಲ್ಲಿ ಬಂಡವಾಳಕ್ಕಿಂತ ದುಡಿಮೆಗೆ ಆದ್ಯತೆಯೆಂದು ಬೋಧಿಸಿದ್ದನ್ನೂ ಅರಿತಿದ್ದೇವೆ. 2021ರಲ್ಲಿ ಕಂಟೇನರ್ ಹಡಗು ಉದ್ಯಮ ಗಳಿಸಿದ ಲಾಭ 10,000 ಕೋಟಿ ಡಾಲರನ್ನು ಮೀರಿತ್ತು. ಅದೇ ವೇಳೆಗೆ ನಾವಿಕನನ್ನು ಊರಿಗೆ ಕಳುಹಿಸುವ ವೆಚ್ಚ ಯಾರದೆಂಬ ಚರ್ಚೆ ನಡೆದಿತ್ತು. ಇಂಥಲ್ಲಿ ಪುಸ್ತಕದ ತತ್ತ್ವಕ್ಕೆ ಕಣ್ಣು ಮೂಡುತ್ತದೆ.

ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯವನ್ನು ಆ ದಿನಗಳಲ್ಲಿ ಮತ್ತೆ ಓದಿದೆವು. ಸಂತ ಪೌಲರನ್ನು ರೋಮಿಗೆ ಒಯ್ಯುತ್ತಿದ್ದುದು ಅಲೆಕ್ಸಾಂಡ್ರಿಯದ ಹಡಗು. ಅದರಲ್ಲಿ ಗೋಧಿ, ಜೊತೆಗೆ 276 ಜನ. ಬಿರುಗಾಳಿಯಲ್ಲಿ ನಾವಿಕರು ಚಿಕ್ಕ ದೋಣಿಯಿಳಿಸಿ ಪಾರಾಗಲು ಯತ್ನಿಸಿದಾಗ, ಅವರು ಉಳಿಯದೆ ಯಾರೂ ಬದುಕಲಾರರೆಂದು ಪೌಲರು ಎಚ್ಚರಿಸಲು, ಸೈನಿಕರು ದೋಣಿಯ ಹಗ್ಗವನ್ನು ಕಡಿದುಬಿಡುತ್ತಾರೆ. ಆ ಹಡಗಿನಲ್ಲಿ ಮಾತ್ರ ಕೊನೆಗೆ ಗೋಧಿಯನ್ನು ಸಮುದ್ರಕ್ಕೆ ಚೆಲ್ಲಿ, ಎಲ್ಲ 276 ಮಂದಿಯೂ ದಡ ಸೇರಿದರು. ನಾವು ಹಗ್ಗವನ್ನಷ್ಟೇ ಕಡಿದೆವು.

ಏನೂ ನಡೆಯಲಿಲ್ಲವೆಂದಲ್ಲ. ದಿವಂಗತ ಜಗದ್ಗುರು ಫ್ರಾನ್ಸಿಸರು 2020ರ ಜೂನ್ 17ರಂದು ಸಮುದ್ರದ ದುಡಿಮೆಗಾರರಿಗೆಂದೇ ಸಂದೇಶವಿತ್ತರು. ಗ್ಲಾಸ್ಗೋ ನಗರದಲ್ಲಿ 1920ರಲ್ಲಿ ಆರಂಭವಾದ 'ಸ್ಟೆಲ್ಲಾ ಮಾರಿಸ್' ಸೇವಾಸಂಸ್ಥೆಗೆ ಅದು ಶತಮಾನೋತ್ಸವದ ವರ್ಷ. ಅದರ ಗುರುಗಳೂ ಸ್ವಯಂಸೇವಕರೂ ಹಡಗೇರಲು ಅಪ್ಪಣೆಯಿಲ್ಲದ ಕಡೆಗಳಲ್ಲಿ ಮೆಟ್ಟಿಲ ಬುಡದಲ್ಲೇ ದಿನಬಳಕೆಯ ವಸ್ತುಗಳನ್ನೂ ಫೋನಿನ ಸಿಮ್ ಕಾರ್ಡುಗಳನ್ನೂ ಇಟ್ಟು ಬಂದರು. ನಾವಿಕರನ್ನು ಅತ್ಯಗತ್ಯ ಕಾರ್ಮಿಕರೆಂದು ಪರಿಗಣಿಸಬೇಕೆಂದು 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯ ಮಾಡಿತು. ಒಡಂಬಡಿಕೆಗೆ 2022ರಲ್ಲಿ ಮಾಡಲಾದ ತಿದ್ದುಪಡಿಗಳು 2024ರ ಡಿಸೆಂಬರಿನಿಂದ ಜಾರಿಯಲ್ಲಿವೆ. ತುರ್ತಾಗಿ ಚಿಕಿತ್ಸೆ ಬೇಕಾದ ನಾವಿಕನನ್ನು ದಡಕ್ಕೆ ಇಳಿಸಿಕೊಳ್ಳುವುದು ಈಗ ಬಂದರು ದೇಶದ ಹೊಣೆ. ಇಷ್ಟು ಸಾಲದು. ಇನ್ನೊಂದು ಮಹಾಮಾರಿ ಬಂದಾಗ ಸಿಬ್ಬಂದಿ ಬದಲಾವಣೆಗೆ ಅನುಮತಿಯಿಲ್ಲದ ಬಂದರಿನಲ್ಲಿ ಸರಕಿಗೂ ಅನುಮತಿಯಿಲ್ಲವೆಂಬ ನಿಯಮ ಬೇಕೆಂಬುದು ನಮ್ಮ ಅಭಿಪ್ರಾಯ. ವಸ್ತುಗಳ ಬೆಲೆ ಏರೀತೆಂದು ಆಗ ನಾವು ಗೊಣಗದಿರುವೆವೇ ಎಂಬುದು ಬೇರೆ ಪ್ರಶ್ನೆ.

ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಆ ವರ್ಷ ಪ್ರತಿ ತಿಂಗಳೂ ಮಗನ ಆಗಮನಕ್ಕಾಗಿ ಪೂಜೆ ಒಪ್ಪಿಸುತ್ತಿದ್ದರು. ಎಂಟು ತಿಂಗಳಿಗೆಂದು ಹೋದ ಹುಡುಗ ಹದಿನೈದನೆಯ ತಿಂಗಳಿಗೆ ಬಂದ. ಏನು ಕಷ್ಟವಾಯಿತೆಂದು ಕೇಳಿದಾಗ ಊಟದ ಮಾತನ್ನಾಗಲಿ ಸಂಬಳದ ಮಾತನ್ನಾಗಲಿ ಎತ್ತಲಿಲ್ಲ. "ದಡದ ದೀಪಗಳು ಕಾಣುತ್ತಿದ್ದವು ಫಾದರ್. ಯಾವ ದೀಪ ಎಷ್ಟು ಗಂಟೆಗೆ ಆರುತ್ತದೆಂದು ನನಗೆ ಬಾಯಿಪಾಠವಾಗಿತ್ತು" ಎಂದ.