ಗೇಣಿಯ ನೆನಪು, ಪರಿಮಾಣದ ಮರೆವು

ಕರಾವಳಿಯ ಹಳೆಯ ಜೈನ ಮನೆತನಗಳ ಚಾವಡಿಗಳಲ್ಲಿ ಭೂಸುಧಾರಣೆಯ ಮಾತು ಬಂದೊಡನೆ ಇಂದಿಗೂ ಸ್ವರ ಬದಲಾಗುತ್ತದೆ. ದೇವರಾಜ ಅರಸು ಅವರ ಸರಕಾರ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ, ಸೈನಿಕರಿಗೂ ನಾವಿಕರಿಗೂ ಇದ್ದ ವಿನಾಯಿತಿಯ ಹೊರತು, ಗೇಣಿಯ ಭೂಮಿ ಸರಕಾರದಲ್ಲಿ ನಿಹಿತವಾಯಿತು. ನ್ಯಾಯಮಂಡಳಿಯ ಮುಂದೆ ಗೇಣಿಯನ್ನು ಸಿದ್ಧಪಡಿಸಿದ ಒಕ್ಕಲು ಒಡೆಯನಾದನು. ಬಸದಿಗಳಿಗೆ ಬರುತ್ತಿದ್ದ ಗೇಣಿ ಅಕ್ಕಿಯ ಸ್ಥಾನದಲ್ಲಿ ವರ್ಷಾಶನ ಬಂದಿತು. ಇದು ಸೂರೆಯೆಂದು ಒಂದು ಪಕ್ಷ ಹೇಳಿತು, ಸಾಮಾಜಿಕ ನ್ಯಾಯವೆಂದು ಇನ್ನೊಂದು ಪಕ್ಷ ಹೇಳಿತು. ಮಕ್ಕಳು ಮೊಮ್ಮಕ್ಕಳಿಗೆ ಬಳುವಳಿಯಾಗಿ ಬಂದದ್ದು ಈ ಎರಡು ಘೋಷಣೆಗಳೇ ಹೊರತು ವಿವೇಚನೆಯಲ್ಲ.

ಆ ಶಾಸನವನ್ನು ಹೊಗಳುವವರು ಕೆಲವನ್ನು ನುಂಗಿಕೊಳ್ಳುತ್ತಾರೆ. ನೂರಾರು ಮುಡಿ ಗೇಣಿ ಅಳೆಸಿಕೊಳ್ಳುತ್ತಿದ್ದ ಬೀಡಿಗೂ, ಎರಡೆಕರೆಯ ಗೇಣಿಯಿಂದಲೇ ಉಣ್ಣುತ್ತಿದ್ದ ವಿಧವೆಗೂ ಕಾನೂನು ಒಂದೇ ಆಗಿತ್ತು. ಗೇಣಿಚೀಟಿಯೂ ಇಲ್ಲದೆ ಕೂಲಿಗೆ ನೇಜಿ ನೆಟ್ಟವಳಿಗೆ ಗುಡಿಸಲಿನ ಅಡಿಯ ನೆಲದಾಚೆ ದೊರೆತದ್ದು ಅತ್ಯಲ್ಪ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯಲ್ಲಿ ಅವಳಿಗೆ ಸ್ಥಳವಿರಲಿಲ್ಲ.

ಸೂರೆಯೆಂದು ಕೊರಗುವವರ ವಾದವಾದರೂ ಸ್ಥಿರವೇ? ಭೂಮಿ ಹಣದ ಸರಕಲ್ಲ, ಮನೆತನದ ಧರ್ಮದೊಡನೆ ಬೆರೆತದ್ದು ಎಂಬುದು ಅಂದಿನ ಅಳಲು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು 2020ರಲ್ಲಿ ಕರ್ನಾಟಕ ಸರಕಾರ ನಿರ್ಬಂಧಗಳನ್ನು ತೆಗೆದಾಗ ಅದೇ ಚಾವಡಿಗಳಿಂದ ಆ ಅಳಲು ಎಷ್ಟು ಕೇಳಿಬಂದಿತು? 1978ರ 44ನೆಯ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ಕೈಬಿಟ್ಟಿತು. ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಸಂಪನ್ಮೂಲವಲ್ಲವೆಂದು 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ಬಹುಮತದಿಂದ ಹೇಳಿತು. ಎರಡನ್ನೂ ಓದಿ ಅಭಿಪ್ರಾಯ ತಳೆದವರಿಗಿಂತ ತಮ್ಮ ಪಕ್ಷದ ಮುಖ ನೋಡಿ ಹಿಗ್ಗಿದವರೂ ಕುಗ್ಗಿದವರೂ ಹೆಚ್ಚು.

ಇಷ್ಟರ ಮೇಲೆ ಧರ್ಮವನ್ನೂ ಸಾಕ್ಷಿಗೆ ಎಳೆಯಲಾಗುತ್ತದೆ. ಅಪರಿಗ್ರಹವೇ ಸಮಾಜವಾದ ಎನ್ನುವವರು, ವ್ರತವೆಂದರೆ ತಾನೇ ತನ್ನದಕ್ಕೆ ಹಾಕಿಕೊಳ್ಳುವ ಎಲ್ಲೆಯೆಂಬುದನ್ನು ಮರೆತಿದ್ದಾರೆ. ಪರರದನ್ನು ಕಸಿಯುವುದು ತೆರಿಗೆಯೋ ಶಾಸನವೋ ಆದೀತು, ವ್ರತವಾಗದು. ಇನ್ನೊಂದು ಪಕ್ಷದ ಜಾಣತನ ಹೆಚ್ಚು ಅಪಾಯಕಾರಿ. ಪರಿಗ್ರಹವೆಂದರೆ ಮೂರ್ಛೆ, ವಸ್ತುವಲ್ಲ. ಮನಸ್ಸು ನಿರ್ಲಿಪ್ತವಾಗಿದ್ದರೆ ಕೋಟಿಯಿದ್ದರೂ ದೋಷವಿಲ್ಲ ಎಂದು ಅವರು ಉಮಾಸ್ವಾತಿಗಳನ್ನೇ ಮುಂದಿಡುತ್ತಾರೆ. ಅದೇ ತತ್ತ್ವಾರ್ಥಸೂತ್ರ ಗೃಹಸ್ಥನ ಐದನೆಯ ಅಣುವ್ರತದ ಅತಿಚಾರಗಳನ್ನು ಹೇಳುವಾಗ ಮನಸ್ಸನ್ನು ಬಿಟ್ಟು ಹೊಲ, ಮನೆ, ಬೆಳ್ಳಿ, ಬಂಗಾರ, ಧಾನ್ಯಗಳ ಪ್ರಮಾಣಕ್ಕೆ ಇಳಿಯುತ್ತದೆ. ಎಣಿಸಬಲ್ಲದ್ದನ್ನು ಎಣಿಸಿ ಎಲ್ಲೆ ಕಟ್ಟಬೇಕೆಂಬುದೇ ಪರಿಗ್ರಹಪರಿಮಾಣ. ನಿರ್ಲಿಪ್ತತೆಯನ್ನು ತಾನೇ ಘೋಷಿಸಿಕೊಂಡವನಿಗೆ ಲೆಕ್ಕದಿಂದ ವಿನಾಯಿತಿಯಿಲ್ಲ.

ಟ್ರಸ್ಟುಗಳೂ ಇದರಿಂದ ಹೊರತಲ್ಲ. ಹೋದ ಗದ್ದೆಗಳ ಸರ್ವೆ ನಂಬರು ಹಿರಿಯ ಟ್ರಸ್ಟಿಗಳಿಗೆ ಬಾಯಿಪಾಠ. ಇಂದಿನ ಠೇವಣಿ ಎಷ್ಟು, ವಾಣಿಜ್ಯ ಕಟ್ಟಡದ ಬಾಡಿಗೆ ಎಷ್ಟು, ಅದು ಎಷ್ಟಾದರೆ ಸಾಕು ಎಂದು ಶ್ರಾವಕನೊಬ್ಬ ಮಹಾಸಭೆಯಲ್ಲಿ ಕೇಳಿದರೆ ಅವನಿಗೆ ಯಾವುದೋ ಪಕ್ಷದ ಹಣೆಪಟ್ಟಿ ಅಂಟುತ್ತದೆ. ಪರ್ವದಿನಗಳಲ್ಲಿ ಮುನಿಗಳ ಮುಂದೆ ನಿಯಮ ಕೈಗೊಳ್ಳುವವರಿಗೇನೂ ಕೊರತೆಯಿಲ್ಲ. ಹಸಿ ತರಕಾರಿಗೆ ಎಣಿಕೆಯುಂಟು, ಊಟದ ಹೊತ್ತಿಗೆ ಎಣಿಕೆಯುಂಟು. ನಿವೇಶನಗಳ ಸಂಖ್ಯೆ ಹೇಳಿ ಕೈಮುಗಿಯುವವರು ಅಪರೂಪ.