ಬಿಡ್ತು ಅನ್ನಿ ಸಾರ್!

ಬ್ಲಾಗಿಗೆ ಬೀಗ ಹಾಕಿ ಎರಡು ತಿಂಗಳಾಗಿತ್ತು. ಪ್ರಾಜೆಕ್ಟು, ರಿಲೀಸು, ರಾತ್ರಿ ಹನ್ನೊಂದರ ಕಾಲ್‌ಗಳು ಅಂತ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಬರೆಯುವಂಥದ್ದೇನೂ ಇರಲಿಲ್ಲ :) ಆದರೆ ನವೆಂಬರ್ ಮೊದಲ ವಾರ ಊರಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆಯೊಳಗೆ ಕೊರೆಯುತ್ತಲೇ ಇದೆ. ಇಲ್ಲಿ ಹೇಳಿಬಿಡುತ್ತೇನೆ. ಒಪ್ಪದಿದ್ದರೆ ಜಗಳಕ್ಕೆ ಬನ್ನಿ.

ಊರು ಅಂದರೆ ಪಾಂಡವಪುರ. ಅಲ್ಲಿಂದ ಗಂಜಾಂಗೆ ಹೋಗಿದ್ದೆ, ನಮ್ಮ ಮೇಷ್ಟ್ರನ್ನು ನೋಡಲು. ಅಪ್ಪನಿಗೂ ಅವರೇ ಗಣಿತದ ಮೇಷ್ಟ್ರು. ನಿವೃತ್ತರಾದ ಮೇಲೆ ಕೆಲವು ವರ್ಷ ಮನೆಪಾಠ ಹೇಳುತ್ತಿದ್ದರು, ಹಾಗಾಗಿ ನನಗೂ ಅವರೇ. ನಾಗಮಂಗಲದಲ್ಲಿ ಕೆಲಸಕ್ಕೆ ಸೇರಿ, ಕೆ.ಆರ್.ಪೇಟೆಗೆ ವರ್ಗವಾಗಿ, ಪಾಂಡವಪುರದಲ್ಲಿ ಸರ್ವಿಸು ಮುಗಿಸಿ, ಈಗ ಶ್ರೀರಂಗಪಟ್ಟಣದ ಈ ಗಂಜಾಂನಲ್ಲಿ ಹಿರಿಯರ ಮನೆಯಲ್ಲಿದ್ದಾರೆ. "ನಂದು ನಾಲ್ಕು ತಾಲ್ಲೂಕಿನ ಜೀವನ ಕಣೋ" ಅನ್ನುತ್ತಿರುತ್ತಾರೆ. ವಯಸ್ಸು ಎಪ್ಪತ್ತೆಂಟು. ಕ್ಯಾಥೊಲಿಕ್ ಕ್ರೈಸ್ತರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ನವೆಂಬರ್ 2 ಅವರಲ್ಲಿ ಸತ್ತವರನ್ನು ನೆನೆಯುವ ದಿನ. ಮೇಡಂ ಸಮಾಧಿಗೆ ಹೂವಿಟ್ಟು, ಮೋಂಬತ್ತಿ ಹಚ್ಚಿ ಬಂದು ನಾಲ್ಕೈದು ದಿನವಾಗಿತ್ತಷ್ಟೆ.

ಕಾಫಿ ಕುಡಿಯುತ್ತಾ ಮೇಷ್ಟ್ರು, "ಇನ್ನೇನಪ್ಪ, ನಾನೂ ಹೊರಡೋ ಹೊತ್ತು ಹತ್ರ ಬಂತು" ಅಂದರು.

ನನ್ನ ಬಾಯಿಂದ ತಾನಾಗಿಯೇ ಬಂತು, "ಬಿಡ್ತು ಅನ್ನಿ ಸಾರ್! ನೀವು ನೂರು ವರ್ಷ ಇರ್ತೀರ."

ಅವರು ಲೋಟ ಕೆಳಗಿಟ್ಟರು. "ನೋಡು, ನಾನೊಂದು ಮಾತು ಶುರು ಮಾಡಿದ್ದೆ. ನೀನು ಬಾಗಿಲು ಹಾಕ್ಬಿಟ್ಟೆ. ನನ್ನ ಮಗಳೂ ಹಿಂಗೇ ಮಾಡ್ತಾಳೆ. ನಿಮಗೆಲ್ಲ ಈ ಮಾತು ಯಾರು ಕಲಿಸಿದ್ರೋ..."

ಬೈಗುಳವಲ್ಲ, ಬರೀ ಬೇಸರ. ಬೈದಿದ್ದರೇ ವಾಸಿಯಿತ್ತು.

ಯೋಚನೆ ಮಾಡಿ. ವಯಸ್ಸಾದವರು ಸಾವಿನ ಮಾತು ಎತ್ತಿದ ತಕ್ಷಣ ನಾವು 'ಬಿಡ್ತು ಅನ್ನಿ' ಅನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮಾತಿನಿಂದ ಸಮಾಧಾನ ಆಗುವುದು ಯಾರಿಗೆ? ನಮಗೆ. ನಮಗೆ ಅದನ್ನು ಕೇಳಿಸಿಕೊಳ್ಳುವ ಕಷ್ಟ ತಪ್ಪುತ್ತದೆ. ಹೇಳಹೊರಟವರಿಗೆ ಮಾತ್ರ ಮಾತು ಗಂಟಲಲ್ಲೇ ಉಳಿಯುತ್ತದೆ.

ಆವತ್ತು ಸಂಜೆ ಮೇಷ್ಟ್ರ ಜೊತೆ ಚರ್ಚಿನ ತನಕ ನಡೆದುಕೊಂಡು ಹೋದೆ. ಗಂಜಾಂ ಅಂದರೆ ನಮಗೆ ನಿಮಿಷಾಂಬ ದೇವಸ್ಥಾನ, ಅಂಜೂರದ ಹಣ್ಣು, ಗುಂಬಜ್. ಆದರೆ ಅಲ್ಲೊಂದು ಹಳೆಯ ಚರ್ಚೂ ಇದೆ, ಅಬ್ಬೆ ದುಬಾಯ್ ಚರ್ಚ್ ಅಂತಲೇ ಹೆಸರು (ನಮ್ಮ ಬಾಯಲ್ಲಿ ದುಬಾಯ್, ಫ್ರೆಂಚರ ಬಾಯಲ್ಲಿ ದ್ಯುಬ್ವಾ). ನಮ್ಮೂರು ಪಾಂಡವಪುರಕ್ಕೇ ಒಂದು ಕಾಲದಲ್ಲಿ ಫ್ರೆಂಚ್ ರಾಕ್ಸ್ ಅನ್ನುವ ಹೆಸರಿತ್ತು, ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಡುತ್ತಿದ್ದರಿಂದ. ಈ ಪಾದ್ರಿಯೂ ಫ್ರೆಂಚರೇ, ಆದರೆ ಬಂದದ್ದು ಬೇರೆ ಕೆಲಸಕ್ಕೆ. ಹುಟ್ಟಿದ್ದು 1766ರಲ್ಲಿ. 1792ರಲ್ಲಿ, ಫ್ರಾನ್ಸಿನಲ್ಲಿ ಕ್ರಾಂತಿ ಹೊತ್ತಿ ಉರಿಯುತ್ತಿದ್ದಾಗ, ದೀಕ್ಷೆ ಪಡೆದು ಅದೇ ವರ್ಷ ಹಡಗು ಹತ್ತಿದವರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ನಂತರ, ಚೆದುರಿಹೋಗಿದ್ದ ಇಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ನಮ್ಮವರಂತೆ ಬಟ್ಟೆ ತೊಟ್ಟು, ರುಮಾಲು ಸುತ್ತಿ, ನಮ್ಮವರ ಊಟವನ್ನೇ ಉಂಡು ಇಪ್ಪತ್ತಕ್ಕೂ ಹೆಚ್ಚು ವರ್ಷ ಇಲ್ಲಿದ್ದರು. ಜನ 'ದೊಡ್ಡಸ್ವಾಮಿಯೋರು' ಅನ್ನುತ್ತಿದ್ದರಂತೆ.

ಓದುವ ಹುಚ್ಚಿರುವವರಿಗೆ ಅವರ ಒಂದು ಪುಸ್ತಕ ಗೊತ್ತಿರುತ್ತದೆ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಬರೆದದ್ದು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹಸ್ತಪ್ರತಿಯನ್ನು ಎರಡು ಸಾವಿರ ವರಹ ಕೊಟ್ಟು ಕೊಂಡಿತು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಅವರಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕೂರ್ದೂ ಅವರ ಬರಹದಿಂದ ಎತ್ತಿದ್ದು ಎಂದು 1987ರಲ್ಲಿ ಸಿಲ್ವಿಯಾ ಮುರ್ ಎಂಬ ವಿದ್ವಾಂಸೆ ತೋರಿಸಿದರು. ಹಾಗಾಗಿ ದೊಡ್ಡಸ್ವಾಮಿಯೋರನ್ನು ತಲೆಯ ಮೇಲೆ ಹೊತ್ತು ಮೆರೆಸುವ ಉದ್ದೇಶ ನನಗಿಲ್ಲ.

ಮೇಷ್ಟ್ರಿಗೆ ಇಷ್ಟವಾದದ್ದು ಆ ಪುಸ್ತಕವಲ್ಲ, ಇನ್ನೊಂದು. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಯ ಬಗ್ಗೆ ದುಬಾಯ್ ಬರೆದ ಪತ್ರಗಳು. 1823ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಜನವರಿಯಲ್ಲಿ ಅವರು ಭಾರತ ಬಿಟ್ಟಿದ್ದರು. ಆಗ ಅವರಿಗೆ ಐವತ್ತೇಳು. ಆ ಪತ್ರಗಳಲ್ಲಿ ಅವರು ತಮ್ಮ ಬದುಕಿನ ಲೆಕ್ಕ ಒಪ್ಪಿಸುತ್ತಾರೆ. ಇಪ್ಪತ್ತೈದು ವರ್ಷ ದುಡಿದು, ಒಬ್ಬ ದೇಶೀಯ ಪಾದ್ರಿಯ ನೆರವೂ ಇದ್ದು, ಒಟ್ಟು ಇನ್ನೂರು ಮುನ್ನೂರು ಜನರನ್ನಷ್ಟೇ ತಮ್ಮ ಧರ್ಮಕ್ಕೆ ತರಲಾಯಿತು, ಅವರಲ್ಲೂ ಅನೇಕರು ಹಿಂದಿರುಗಿದರು ಅನ್ನುತ್ತಾರೆ. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗುವ ಹೋಗುವ ಮಾತಲ್ಲ ಎಂದು ಕೈ ಚೆಲ್ಲುತ್ತಾರೆ. ಅದರಲ್ಲಿ ಇಲ್ಲಿನ ಜನರನ್ನು ಹಳಿಯುವ ಮಾತುಗಳೂ ಬೇಕಾದಷ್ಟಿವೆ, ಅವನ್ನು ನಾನು ಒಪ್ಪುವುದಿಲ್ಲ. ಆದರೆ ಯೋಚಿಸಿ, ಯಾವ ಕೆಲಸಕ್ಕಾಗಿ ಊರು ಮನೆ ಬಿಟ್ಟು ಬಂದರೋ ಆ ಕೆಲಸದಲ್ಲೇ ನಾನು ಸೋತೆ ಎಂದು ಅಚ್ಚು ಹಾಕಿಸುವುದು ಸಣ್ಣ ವಿಷಯವೇ?

ಆಗಿನ ಕಾಲಕ್ಕೂ ಅದು ಸಣ್ಣದಾಗಿರಲಿಲ್ಲ. ಮರುವರ್ಷವೇ, 1824ರಲ್ಲಿ, ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮುಂತಾದ ಪ್ರಾಟೆಸ್ಟೆಂಟ್ ಪಾದ್ರಿಗಳು ಉತ್ತರ ಬರೆದು ಪುಸ್ತಕಗಳನ್ನೇ ತಂದರು. ಒಂಥರಾ ಅವರೂ 'ಬಿಡ್ತು ಅನ್ನಿ' ಅಂದವರೇ!

"ಸೋತೆ ಅಂದ್ರಲ್ಲ, ಹಾಗಾದ್ರೆ ನಂಬಿಕೆ ಬಿಟ್ರಾ ಸಾರ್?" ಅಂತ ಕೇಳಿದೆ.

"ಎಲ್ಲಿ ಬಿಟ್ರು? ಪ್ಯಾರಿಸ್ಸಿಗೆ ಹೋಗಿ, ಹೊಸ ಪಾದ್ರಿಗಳನ್ನ ತಯಾರು ಮಾಡೋ ಸೆಮಿನರಿಯಲ್ಲೇ ಕೊನೇತನಕ ಇದ್ರು. ಒಂದಷ್ಟು ವರ್ಷ ಅದರ ಮುಖ್ಯಸ್ಥರೂ ಆಗಿದ್ರು. 1848ರಲ್ಲಿ, ಎಂಬತ್ತೆರಡನೇ ವಯಸ್ಸಿನಲ್ಲಿ ತೀರಿಕೊಂಡ್ರು. ಸೋತೆ ಅನ್ನೋದು ಬೇರೆ, ಬಿಟ್ಟೆ ಅನ್ನೋದು ಬೇರೆ ಕಣೋ."

ಆಮೇಲೆ ಮೇಷ್ಟ್ರು ಅಂಗಿಯ ತೋಳು ಮಡಚಿ ರಟ್ಟೆಯ ಮೇಲಿನ ಕಲೆ ತೋರಿಸಿದರು. ನಮ್ಮ ಅಜ್ಜ ಅಜ್ಜಿಯರ ರಟ್ಟೆಗಳಲ್ಲಿ ನೀವೂ ನೋಡಿರುತ್ತೀರಿ. ಸಿಡುಬಿನ ಲಸಿಕೆಯ ಗುರುತು, ನಮ್ಮ ಕಡೆ 'ದೇವಿ ಹಾಕೋದು' ಅನ್ನುತ್ತಿದ್ದರು. ಈ ಲಸಿಕೆ 1802ರಲ್ಲಿ ಮುಂಬಯಿಗೆ ಬಂತು. ಅದಾದ ಒಂದೆರಡು ವರ್ಷದಲ್ಲೇ ಮೈಸೂರು ಸೀಮೆಯಲ್ಲಿ ಅದನ್ನು ಹಾಕಿಸಲು ಓಡಾಡಿದವರಲ್ಲಿ ಇದೇ ದುಬಾಯ್ ಒಬ್ಬರು. 1803–04ರ ಕೆಲವೇ ತಿಂಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನಕ್ಕೆ ಹಾಕಿಸಿದ ವರದಿ ಕೊಟ್ಟಿದ್ದಾರೆ. ಕಡೆಗೆ 1980ರ ಮೇ ತಿಂಗಳಲ್ಲಿ ಸಿಡುಬು ಭೂಮಿಯ ಮೇಲಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇನ್ನೂರು ಮುನ್ನೂರು ಜನರ ಲೆಕ್ಕ ಹಾಕಿ 'ಸೋತೆ' ಅಂದವರ ಇನ್ನೊಂದು ಲೆಕ್ಕ ಇದು. ಮನುಷ್ಯನಿಗೆ ತನ್ನ ಲೆಕ್ಕ ತಾನೊಬ್ಬನೇ ಹಾಕಿಕೊಂಡರೆ ಪೂರ್ತಿ ಬರುವುದಿಲ್ಲವೇನೋ. ಪಕ್ಕದಲ್ಲಿ ಕೂತು ಕೇಳುವವರೊಬ್ಬರು ಬೇಕು, 'ಅಲ್ಲ ಸಾರ್, ಇದನ್ನ ಬಿಟ್ರಲ್ಲ' ಅನ್ನಲು. ಆದರೆ ಹಾಗೆ ಅನ್ನಬೇಕಾದರೆ ಮೊದಲು ಪೂರ್ತಿ ಕೇಳಿರಬೇಕಲ್ಲ!

ನಾವು ಸಾಫ್ಟ್‌ವೇರಿನವರಿಗೆ ಇದು ಹೊಸದೇನಲ್ಲ. ಎರಡು ವಾರಕ್ಕೊಮ್ಮೆ ರೆಟ್ರೋ ಮೀಟಿಂಗ್ ಮಾಡುತ್ತೇವೆ. ಏನು ಚೆನ್ನಾಗಾಯಿತು, ಏನು ಕೆಟ್ಟಿತು, ಏನು ಬಾಕಿ ಉಳಿಯಿತು ಅಂತ. ಎರಡು ವಾರದ ಕೋಡಿಗೆ ಇಷ್ಟು ಸಮಯ ಕೊಡುತ್ತೇವೆ. ಎಪ್ಪತ್ತೆಂಟು ವರ್ಷದ ಬದುಕಿನವರು 'ಏನು ಬಾಕಿ ಉಳಿಯಿತು' ಅಂತ ಶುರು ಮಾಡಿದರೆ ಮೀಟಿಂಗೇ ಕ್ಯಾನ್ಸಲ್!

ಈ ಸಲ ನಾನು ಬಾಯಿ ಮುಚ್ಚಿಕೊಂಡು ಕೂತೆ. ಚರ್ಚಿನ ಮೆಟ್ಟಿಲ ಮೇಲೆ ಮೇಷ್ಟ್ರು ಹೇಳಿದರು. ಎಪ್ಪತ್ತರ ದಶಕ, ನಾಗಮಂಗಲದ ಶಾಲೆ, ಹೊಸ ಕೆಲಸ, ಹೊಸ ರೋಷ. ಒಬ್ಬ ಹುಡುಗನಿಗೆ ಭಿನ್ನರಾಶಿ ಹತ್ತುತ್ತಿರಲಿಲ್ಲ. ಒಂದು ದಿನ ಇಡೀ ತರಗತಿಯ ಎದುರು ಅವನ ಕೆನ್ನೆಗೆ ಹೊಡೆದು, 'ಎಮ್ಮೆ ಕಾಯೋಕ್ ಹೋಗು' ಅಂದರಂತೆ. ಮಾರನೇ ದಿನದಿಂದ ಹುಡುಗ ಶಾಲೆಗೆ ಬರಲಿಲ್ಲ. ಹತ್ತು ವರ್ಷದ ಮೇಲೆ ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಮೂಟೆ ಹೊರುತ್ತಿದ್ದವನನ್ನು ಕಂಡರು. ಅವನೇ ಗುರುತು ಹಿಡಿದು 'ನಮಸ್ಕಾರ ಸಾ' ಅಂದನಂತೆ. ಇವರು ಬಸ್ಸು ಹತ್ತಿಬಿಟ್ಟರು.

"ಪಾಪನಿವೇದನೆಯಲ್ಲಿ ಹೇಳ್ಕೊಂಡೆ. ಫಾದರ್ ಕ್ಷಮಿಸಿದ್ರು. ಆದ್ರೆ ನಾನು ಹೊಡೆದಿದ್ದು ಫಾದರ್‌ಗಲ್ಲವಲ್ಲ."

ಏನು ಹೇಳಬೇಕೋ ತೋಚಲಿಲ್ಲ. ಸುಮ್ಮನೆ "ಭಯ ಆಗುತ್ತಾ ಸಾರ್?" ಅಂದೆ.

"ರಾತ್ರಿ ಆಗುತ್ತೆ, ಬೆಳಿಗ್ಗೆ ಆಗಲ್ಲ. ಅವಳು ಹೋದ ಮೇಲೆ ಒಂದು ವರ್ಷ ಜಪಮಾಲೆ ಕೈಯಲ್ಲಿ ಹಿಡಿದು ಸುಮ್ನೆ ಕೂತಿರ್ತಿದ್ದೆ, ಒಂದು ಮಾತೂ ಬರ್ತಿರ್ಲಿಲ್ಲ. ಈಗ ಪ್ರಾರ್ಥನೆ ಮಾಡ್ತೀನಿ. ಆ ಕಡೆಯಿಂದ ಉತ್ತರ ಬಂತು ಅಂತ ಸುಳ್ಳು ಹೇಳಲ್ಲ. ಪೂಜೆಗೆ ಹೋಗೋದು ಮಾತ್ರ ಬಿಟ್ಟಿಲ್ಲ."

ಬರುವಾಗ ದಾರಿಯಲ್ಲಿ ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿದ್ದೆ. 1799ರ ಯುದ್ಧದ ನಂತರ ಇಲ್ಲಿದ್ದ ಯುರೋಪಿನ ಸೈನಿಕರದು, ಅವರ ಹೆಂಡತಿ ಮಕ್ಕಳದು, ಒಟ್ಟು ಮುನ್ನೂರು ಚಿಲ್ಲರೆ ಗೋರಿಗಳು. ಪಾಳುಬಿದ್ದಿದ್ದ ಜಾಗ. ಇಲ್ಲಿದ್ದ ಸ್ವಿಸ್ ರೆಜಿಮೆಂಟಿನ ದ ಮ್ಯುರಾನ್ ಮನೆತನದವರು 2008ರ ಹೊತ್ತಿಗೆ ದುರಸ್ತಿ ಮಾಡಿಸಿದರು. ಆ ಕಲ್ಲುಗಳ ಮೇಲೆ ಹೆಸರು, ತಾರೀಕು, ಹೊಗಳಿಕೆ. ನಮ್ಮ ವೀರಗಲ್ಲುಗಳೂ ಅಷ್ಟೇ ತಾನೆ? ಸೋತದ್ದನ್ನು, ತಪ್ಪಿದ್ದನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಸುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು, ಬೇರೆ ದಾರಿಯಿಲ್ಲ.

ನನಗೆ ಇದೆಲ್ಲ ಇಷ್ಟು ತಾಕಿದ್ದಕ್ಕೆ ಕಾರಣವಿದೆ. ಕೆ.ಆರ್.ಪೇಟೆ ಹತ್ತಿರದ ಹಳ್ಳಿಯಲ್ಲಿ ನಮ್ಮ ತಾತ ಇದ್ದರು, ಅಮ್ಮನ ಅಪ್ಪ. 2019ರ ಸಂಕ್ರಾಂತಿಗೆ ಹೋಗಿದ್ದಾಗ, "ಕುಂತ್ಕೊ ಮಗ, ನಾನಿನ್ನು ಜಾಸ್ತಿ ದಿನ ಇರಕಿಲ್ಲ, ಒಂದು ವಿಷಯ ಹೇಳ್ಬೇಕು" ಅಂದರು. ನಾನು ಮೊಬೈಲಿನಿಂದ ತಲೆಯೆತ್ತದೆ "ಬಿಡ್ತು ಅನ್ನು ತಾತ" ಅಂದೆ. ನಕ್ಕು ಸುಮ್ಮನಾದರು. ಯುಗಾದಿಗೆ ಮುಂಚೆ ಹೋಗಿಬಿಟ್ಟರು. ಹೊಲದ ಬದುವಿನ ಜಗಳಕ್ಕೆ ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದ ಅವರ ತಮ್ಮ ಅವತ್ತು ಬಂದು, ಒಳಗೆ ಬಾರದೆ, ಬೀದಿಯಲ್ಲೇ ಹುಣಸೆಮರದ ಕೆಳಗೆ ನಿಂತಿದ್ದರು. ತಾತ ಹೇಳಬೇಕು ಅಂದುಕೊಂಡಿದ್ದು ಆ ತಮ್ಮನ ವಿಷಯವೋ, ಬೇರೇನೋ... ನಾನು ಕೇಳಲೇ ಇಲ್ಲ.

'ಸಾವಿನ ಮಾತೇ ಆಡುತ್ತಿದ್ದರೆ ಅವರು ಇನ್ನೂ ಕುಗ್ಗುತ್ತಾರೆ' ಅಂತ ನೀವು ಅನ್ನಬಹುದು. ನಿಜವಾಗಿ ಬದುಕೇ ಬೇಡವಾದವರಿದ್ದರೆ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕು, ಅದು ಬೇರೆ ಮಾತು. ಹಾಗಿದೆಯೋ ಇಲ್ಲವೋ ಗೊತ್ತಾಗಬೇಕಾದರೂ ಮೊದಲು ಕೇಳಲೇಬೇಕು. ನಾನು ಕಂಡ ಮಟ್ಟಿಗೆ ವಯಸ್ಸಾದವರು ಸಾವಿನ ಮಾತು ತೆಗೆದರೆ ಅದರ ಹಿಂದೆ ಒಂದು ಬಾಕಿ ಕೆಲಸ ಇರುತ್ತದೆ. ಒಬ್ಬರನ್ನು ನೋಡಬೇಕು, ಒಂದು ಸಾಲ ತೀರಿಸಬೇಕು, ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೇಷ್ಟ್ರು ಕ್ರೈಸ್ತರು, ತಾತ ದಿನಾ ಬೆಳಿಗ್ಗೆ ಸೂರ್ಯನಿಗೆ ಕೈ ಮುಗಿಯುತ್ತಿದ್ದವರು. ಆ ಬಾಕಿಯ ವಿಷಯದಲ್ಲಿ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ ನನಗೆ.

ಮೇಷ್ಟ್ರನ್ನು ಕೇಳಿದೆ, "ಸಾರ್, ಆ ಹುಡುಗನ ಊರು ನೆನಪಿದೆಯಾ?" ಹುಡುಗ ಏನು ಬಂತು, ಈಗ ಅರವತ್ತು ದಾಟಿರುತ್ತದೆ ಅವನಿಗೆ! ಊರಿನ ಹೆಸರು, ಅಪ್ಪನ ಹೆಸರು, ಹಾಜರಿ ಪುಸ್ತಕದ ನಂಬರು ಸಮೇತ ಹೇಳಿದರು. ಐವತ್ತು ವರ್ಷದಿಂದ ನೆನಪಿಟ್ಟುಕೊಂಡಿದ್ದಾರೆ.

ಮುಂದಿನ ಭಾನುವಾರ, ಅವರು ಪೂಜೆ ಮುಗಿಸಿಕೊಂಡು ಬಂದ ಮೇಲೆ, ನನ್ನ ಕಾರಿನಲ್ಲಿ ನಾಗಮಂಗಲದ ಕಡೆ ಹೊರಟಿದ್ದೇವೆ. ಅವನು ಸಿಗುತ್ತಾನೋ ಇಲ್ಲವೋ. ಸಿಕ್ಕರೂ ಮಾತಾಡಿಸುತ್ತಾನೋ, ಬೈದು ಕಳಿಸುತ್ತಾನೋ. "ಬೈದ್ರೆ ಬೈಸ್ಕೊಂಡು ಬರೋಣ" ಅಂದಿದ್ದಾರೆ ಮೇಷ್ಟ್ರು. ಅವನಿಗೆ ಕೊಡಲು ಏನು ತಗೊಂಡು ಹೋಗಬೇಕು ಅನ್ನೋದು ಅವರ ಸದ್ಯದ ಚಿಂತೆ.

ನಿಮ್ಮ ಮನೆಯಲ್ಲೂ ಯಾರಾದರೂ ಇದ್ದರೆ, ಮುಂದಿನ ಸಲ ಅವರು ಆ ಮಾತೆತ್ತಿದಾಗ, 'ಬಿಡ್ತು ಅನ್ನಿ' ಅನ್ನುವ ಮುಂಚೆ ಒಂದು ಸಲ 'ಹೇಳಿ' ಅಂದು ನೋಡಿ. ಏನಂತೀರಿ?